ಕೊಟ್ರಮ್ಮ ಪಿನ್ನು ಕಿತ್ತ ಪರ್ವ

ಯಾವ ಯುಗದಲ್ಲಿ ವಿದ್ಯೆಯು ಗುರುಮುಖವನ್ನು ತೊರೆದು ಗೋಡೆಯ ಬಿಳಿಪರದೆಯ ಮೇಲೆ ಮೂಡತೊಡಗಿತೋ, ಯಾವ ಯುಗದಲ್ಲಿ ಕುರ್ಚಿಯಲ್ಲಿ ಕುಳಿತವನೇ ಕಲಿತವನೆಂದೂ ಊಟದ ನಂತರವೂ ಕುಳಿತವನೇ ಪಾರಂಗತನೆಂದೂ ಪ್ರಮಾಣಪತ್ರ ದೊರೆಯತೊಡಗಿತೋ, ಆ ಸಮ್ಮೇಳನಯುಗದ ನಟ್ಟನಡುವೆ, ನವನೀತಲೇಪಿತ-ದೋಸಾಪರಿಮಳ-ದಶದಿಗಂತವ್ಯಾಪ್ತವಾದ ದಾವಣಗೆರೆಯೆಂಬ ಮಹಾನಗರಿಯಲ್ಲಿ, ಮಂದಾರ ಭವನವೆಂಬ ಉಪಾಹಾರಮಂದಿರದ ಪಾಕಶಾಲೆಯನ್ನು ಕೊಟ್ರಮ್ಮನೆಂಬ ವೀರಾಂಗನೆ ಆಳುತ್ತಿದ್ದಳು. ಹೇ ವಾಗ್ದೇವಿ, ಕೊಂಚ ಇತ್ತ ತಿರುಗು. ಕಿರೀಟದವರ ಕಥೆಯನ್ನು ಬಹಳ ಹೇಳಿಸಿದ್ದಾಯಿತು. ಈಗ ಕಿರುಬೆರಳಿನಷ್ಟು ಉದ್ದದ ಒಂದು ತಂತಿಯ ಪಿನ್ನಿನ ಕಥೆ ಹೇಳಿಸು. ವಿಷಯ ಸಣ್ಣದಾದಷ್ಟೂ ಮಾತು ಜಾಸ್ತಿ ಬೇಕಾಗುತ್ತದೆ, ಆದ್ದರಿಂದ ಕೃಪೆಯಲ್ಲಿ ಜಿಪುಣತನ ಮಾಡಬೇಡ.

ಮೊದಲು ಬಿರುದಾವಳಿ. ಕೊಟ್ರಮ್ಮ ಪ್ರಾತಃಕಾಲ-ಚಟ್ನಿ-ರುಚಿನಿರ್ಣಾಯಕಿ. ಒಗ್ಗರಣೆ-ಘಾಟು-ಸಹನಶೀಲೆ. ತಡವಾಗಿ-ಬಂದವರ-ನೆಪ-ವಿಧ್ವಂಸಿನಿ. ಇವೆಲ್ಲವನ್ನೂ ಮೀರಿದ ಬಿರುದೊಂದು ಅವಳ ಎದೆಯ ಮೇಲೆ ಪ್ಲಾಸ್ಟಿಕ್ ಬಿಲ್ಲೆಯಾಗಿ ಹೊಳೆಯುತ್ತಿತ್ತು: 'ಅಗ್ನಿಸುರಕ್ಷಾ ಸಂಯೋಜಕಿ'. ಈ ಪದವಿ ಅವಳಿಗೆ ಪರಾಕ್ರಮದಿಂದ ಬಂದದ್ದಲ್ಲ. ತರಬೇತಿಗೆ ಒಬ್ಬರನ್ನು ಕಳಿಸಿ ಎಂಬ ಆಜ್ಞೆ ಬಂದಾಗಲೆಲ್ಲ ಮಾಲೀಕರಾದ ಬಸವಂತಪ್ಪನವರು ಗಲ್ಲ ಕೆರೆದುಕೊಂಡು ಯೋಚಿಸುತ್ತಿದ್ದರು. ದೋಸೆಯವನನ್ನು ಕಳಿಸಿದರೆ ದೋಸೆ ನಿಲ್ಲುತ್ತದೆ. ಕಾಫಿಯವನನ್ನು ಕಳಿಸಿದರೆ ಊರೇ ನಿಲ್ಲುತ್ತದೆ. ಒಲೆಯ ಮುಂದೆ ನಿಲ್ಲದೆ ಒಲೆಯವರನ್ನೆಲ್ಲ ನೋಡಿಕೊಳ್ಳುವವಳು ಕೊಟ್ರಮ್ಮ ಒಬ್ಬಳೇ. ಹೀಗಾಗಿ ಪ್ರತಿಸಲವೂ ಅವಳೇ ಬಸ್ಸು ಹತ್ತುತ್ತಿದ್ದಳು, ತಣ್ಣನೆಯ ಸಭಾಂಗಣದಲ್ಲಿ ಕೂತು ಪರದೆಯ ಮೇಲಿನ ಬೆಂಕಿಯನ್ನು ನೋಡಿಕೊಂಡು ಪ್ರಮಾಣಪತ್ರ ಹಿಡಿದು ಬರುತ್ತಿದ್ದಳು. ಅವು ಕ್ಯಾಶ್ ಕೌಂಟರಿನ ಹಿಂದೆ ದೇವರ ಪಟಗಳ ಪಕ್ಕದಲ್ಲಿ ತೂಗುತ್ತಿದ್ದವು.

ಇನ್ನು ದಿವ್ಯಾಸ್ತ್ರದ ವಿಚಾರ. ಉಗ್ರಾಣದ ಬಾಗಿಲ ಬಳಿ ರಕ್ತವರ್ಣದ, ಕೃಷ್ಣನಾಳದ, ಶ್ವೇತಚೂರ್ಣಗರ್ಭದ ಒಂದು ಸಿಲಿಂಡರು ನಿಂತಿತ್ತು. ಬೆಂಕಿ ಆರಿಸುವುದು ಅದರ ಕುಲವೃತ್ತಿ. ಆದರೆ ಅದು ಬಂದ ವರ್ಷದ ಆಯುಧಪೂಜೆಯಲ್ಲಿ ರುಬ್ಬುವ ಯಂತ್ರಕ್ಕೂ ತಕ್ಕಡಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದವರು, ಪಾಪ ಅದೊಂದನ್ನು ಯಾಕೆ ಬಿಡಬೇಕೆಂದು ಅದಕ್ಕೂ ವಿಭೂತಿ ಎಳೆದು, ಕೊರಳಿಗೆ ಕೆಂಪುದಾರ ಸುತ್ತಿ, ಬುಡದಲ್ಲಿ ನಿಂಬೆಹಣ್ಣು ಕೊಯ್ದರು. ಮುಂದಿನ ವರ್ಷ ಮತ್ತೊಂದು ಸುತ್ತು ದಾರ. ಅದರ ಮುಂದಿನ ವರ್ಷ ಕರ್ಪೂರದಾರತಿ. ಬೆಂಕಿ ಆರಿಸುವುದಕ್ಕೇ ಬೆಂಕಿ ಬೆಳಗಿದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಬರಬರುತ್ತ ಅದು ಪೂರ್ತಿ ದೇವರಾಗಿಬಿಟ್ಟಿತು. ಉಗ್ರಾಣಕ್ಕೆ ಹೋಗುವವರು ಅದನ್ನು ಮುಟ್ಟುವ ಮೊದಲು ಚಪ್ಪಲಿ ಬಿಡುವ ಪದ್ಧತಿ ಬಂತು.

ಹೀಗಿರಲು ಒಂದು ಭಾನುವಾರ, ಬೆಳಗಿನ ಗಿರಾಕಿಸಾಗರವು ಉಕ್ಕುತ್ತಿರಲು, ದೋಸೆಕಲ್ಲಿನ ಹಿಂದೆ ತೂಗುತ್ತಿದ್ದ ಎಣ್ಣೆಜಿಡ್ಡಿನ ಮಸಿಬಟ್ಟೆಗೆ ಕಿಡಿ ತಗುಲಿ, ಭಗ್ಗೆಂದು ಉರಿ ಎದ್ದಿತು. "ಅಕ್ಕಾರೆ, ಬೆಂಕಿ!" ಎಂದು ಪಾಕಶಾಲೆಯ ಹೆಣ್ಣುಮಕ್ಕಳು ಚೀರಿದರು. ಸಕಲ ಕಣ್ಣುಗಳೂ ಬಿಲ್ಲೆಯ ಕಡೆಗೆ ತಿರುಗಿದವು. ಕೊಟ್ರಮ್ಮ ಸಿಡಿಲಿನಂತೆ ಧಾವಿಸಿದಳು. ಸಿಲಿಂಡರಿನ ಮುಂದೆ ನಿಂತಳು. ಚಪ್ಪಲಿ ಬಿಟ್ಟಳು. ಅಭ್ಯಾಸಬಲ, ಏನು ಮಾಡುವುದು! ಆಮೇಲೆ ಅದನ್ನು ಎತ್ತಿ, ಹಿಡಿಯನ್ನು ಗಟ್ಟಿಯಾಗಿ ಅದುಮಿ, ಅದಕ್ಕೆ ಅಡ್ಡಲಾಗಿ ತೂರಿಸಿದ್ದ ಪಿನ್ನು ಎಳೆದಳು. ಬರಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಹಿಡಿದು ಇನ್ನಷ್ಟು ಎಳೆದಳು. ಪಿನ್ನು ಜಗ್ಗಲಿಲ್ಲ. ಅಷ್ಟರಲ್ಲಿ ದೋಸೆ ಮಾಸ್ತರ ಹಾಲೇಶನು ಒಂದು ಬಕೆಟ್ಟು ದೋಸೆಹಿಟ್ಟನ್ನು ಎತ್ತಿ ಬಟ್ಟೆಯ ಮೇಲೆ ಸುರಿದುಬಿಟ್ಟ. ಬೆಂಕಿ ಚುಂಯ್ ಎಂದು ಸತ್ತಿತು. ಆ ದಿನ ದಾವಣಗೆರೆಯ ಒಂದು ಹೋಟೆಲಿನಲ್ಲಿ ದೋಸೆಯಿಲ್ಲ ಎಂಬ ಅಪಕೀರ್ತಿಯು ಮೂರು ಬೀದಿ ದಾಟಿತು.

ಅಂದಿನಿಂದ ಹಾಲೇಶನ ಮೀಸೆ ನೆಲ ನೋಡಿದ್ದಿಲ್ಲ. ಗಿರಾಕಿಗಳಿಗೂ ಕೇಳುವಂತೆ ಅವನು ಘೋಷಿಸುತ್ತಿದ್ದ: "ನಾನು ಅವತ್ತು ಕೈ ಹಾಕಿಲ್ಲ ಅಂದಿದ್ರೆ ಇವತ್ತು ನೀವು ಇಲ್ಲಿ ದೋಸೆ ತಿಂತಿರ್ಲಿಲ್ಲ, ಬೂದಿ ಹಚ್ಕೊಂತಿದ್ರಿ. ನಮ್ಮ ಕೊಟ್ರಕ್ಕಾರು ಅಷ್ಟೊಂದು ಸರ್ಟಿಫಿಕೇಟ್ ತಂದಾರಲ್ರಿ, ಅವನ್ನೇ ತಗಂಡು ಬೀಸಿದ್ರೆ ಆರ್ತಿತ್ತೇನೋ!" ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ನಗೆಯನ್ನು ಕೊಟ್ರಮ್ಮ ನುಂಗಿಕೊಂಡಳು, ಹೋಟೆಲಿನವಳಿಗೆ ನುಂಗುವುದು ಹೊಸದಲ್ಲ. ನುಂಗಲಾಗದ್ದು ಭಯ. ಮನೆಯಲ್ಲಿ ಹಾಲು ಕಾಯಿಸುವಾಗಲೂ ಅವಳಿಗೆ ಆ ಪಿನ್ನು ಕಣ್ಣಮುಂದೆ ಬರುತ್ತಿತ್ತು. ಮತ್ತೆ ಹತ್ತಿದರೆ? ಮತ್ತೆ ಎಲ್ಲರೂ ನನ್ನನ್ನೇ ನೋಡಿದರೆ? ಮತ್ತೆ ನಾನು ಹಾಗೇ ಎಳೆಯುತ್ತ ನಿಂತರೆ? ಈ ಭಯದಿಂದ ಹುಟ್ಟಿತು ಅವಳ ಪ್ರತಿಜ್ಞೆ: ಆ ಪಿನ್ನನ್ನು ಈ ಕೈಯಿಂದಲೇ ಕೀಳದೆ ಆ ಬಿಲ್ಲೆಯನ್ನು ಇನ್ನು ಧರಿಸಲಾರೆ. ಬಿಲ್ಲೆಯನ್ನು ಬಿಚ್ಚಿ ಸಾಸಿವೆ ಡಬ್ಬಿಯೊಳಗೆ ಇಟ್ಟಳು.

ಕಾಲವು ಕೂಡಿಬಂದಿತು. ದೋಸೆಹಿಟ್ಟಿನ ಸುದ್ದಿಯಿಂದ ನಾಚಿದ ಬಸವಂತಪ್ಪನವರು, ಈ ಸಲ ಒಬ್ಬಳು ಹೋಗುವುದು ಬೇಡ, ಎಲ್ಲರಿಗೂ ಕಲಿಕೆ ಬರಲಿ ಎಂದು ಭವನಕ್ಕೆ ರಜೆ ಕೊಟ್ಟು, ಮದುವೆ ಹಾಲೊಂದನ್ನು ಹಿಡಿದು, ಸಮ್ಮೇಳನವನ್ನೇ ಊರಿಗೆ ತರಿಸಿದರು. ವೇದಿಕೆಯ ಮೇಲೆ 'ಕಲಿಕೆಯ ಮರುಚಿಂತನೆ' ಎಂಬ ಬ್ಯಾನರು. ಅದರ ಕೆಳಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಸಿಲಿಂಡರುದೇವರು. ಅದರ ಪಕ್ಕದಲ್ಲಿ ಸ್ಲೈಡುಸಹಸ್ರ-ಸಂಧಾನಧುರಂಧರ, ಕೊರಳಮೈಕು-ಭೂಷಿತ, ಬೆಂಗಳೂರಿನಿಂದ ಬಂದ ತರಬೇತುದಾರ ಶ್ರೀವತ್ಸ ಹೆಬ್ಬಾರರು.

"ಹಳೇ ಥರ ಪಾಠ ಮಾಡೋದೆಲ್ಲ ಮುಗೀತು, ಫ್ರೆಂಡ್ಸ್! ಇನ್ನು ಮುಂದೆ ಕಲಿಕೆ ಅಂದ್ರೆ ಪಾಲ್ಗೊಳ್ಳೋದು!" ಎಂದು ಹೆಬ್ಬಾರರು ಶಂಖನಾದ ಮಾಡಿದರು. ಕೊಟ್ರಮ್ಮನ ಎದೆ ಉಬ್ಬಿತು. ಪಿನ್ನು ಕೀಳುವ ಗಳಿಗೆ ಕೊನೆಗೂ ಬಂತು ಎಂದುಕೊಂಡಳು. ಬಂದದ್ದು ಬಲೂನು. ಪಾಕಶಾಲೆಯ ವೀರರೆಲ್ಲರೂ ವೃತ್ತಾಕಾರವಾಗಿ ನಿಂತು ಬಲೂನನ್ನು ಮೊಣಕೈಯಿಂದ ಸಾಗಿಸಿದರು. ಅದು ತಂಡಸ್ಫೂರ್ತಿಯಂತೆ. ಆಮೇಲೆ ಚಾರ್ಟು, ಸ್ಕೆಚ್ ಪೆನ್ನು ಬಂದವು. ಬೆಂಕಿ ಒಬ್ಬ ವ್ಯಕ್ತಿಯಾಗಿದ್ದರೆ ನಿಮಗೆ ಏನು ಹೇಳುತ್ತಿತ್ತು, ಗುಂಪಿನಲ್ಲಿ ಚರ್ಚಿಸಿ ಬರೆಯಿರಿ ಎಂದರು. ಹಾಲೇಶನ ಗುಂಪು 'ಹಿಟ್ಟು ಹಾಕಬೇಡ ಅನ್ನುತ್ತಿತ್ತು' ಎಂದು ಬರೆದು ಚಪ್ಪಾಳೆ ಗಿಟ್ಟಿಸಿತು. ಗೋಡೆಯ ತುಂಬ ಕೇಸರಿ ಜ್ವಾಲೆಗಳು ಅಂಟಿಕೊಂಡವು. ಒಳಗಿಂದ ಹೋಳಿಗೆಯ ವಾಸನೆ ಬರತೊಡಗಿತು.

"ಯಾರಿಗಾದ್ರೂ ಏನಾದ್ರೂ ಡೌಟ್ಸ್?" ಎಂದು ಹೆಬ್ಬಾರರು ಗಡಿಯಾರ ನೋಡುತ್ತ ಕೇಳಿದರು. ಊಟಕ್ಕೆ ಮುಂಚೆ ಕೇಳುವ ಈ ಪ್ರಶ್ನೆಗೆ ಉತ್ತರಿಸಬಾರದೆಂಬುದು ಸಮ್ಮೇಳನಯುಗದ ಅಲಿಖಿತ ಧರ್ಮ. ಆ ಧರ್ಮವನ್ನು ಮುರಿದು ಒಂದು ಕೈ ಮೇಲೆದ್ದಿತು. ಬಳೆಗಳು ಝಣತ್ಕರಿಸಿದವು. ಸಭೆ ನಿಟ್ಟುಸಿರಿಟ್ಟಿತು.

'ಎಲೈ ಪರದೆಯೊಳಗಿನ ಪರಾಕ್ರಮಿಯೇ, ನಿನ್ನ ಚಿತ್ರಾಗ್ನಿಗಳನ್ನು ಬದಿಗಿಟ್ಟು ನಿಜಾಗ್ನಿಯ ರಣಕ್ಕೆ ಬಾ!' ಎಂದು ಆ ವೀರಾಂಗನೆ ಗರ್ಜಿಸಿದಳೆಂದು ಬರೆಯಲು ಆಸೆಯೇನೋ ಇದೆ. ಅವಳು ಸೆರಗು ಸರಿಮಾಡಿಕೊಂಡು ಹೇಳಿದ್ದು ಇಷ್ಟು: "ಸರ್, ಅದರ ಪಿನ್ನು ಒಮ್ಮೆ ಕಿತ್ತು ತೋರಿಸ್ರಿ."

ಹೆಬ್ಬಾರರ ಕೊರಳಮೈಕು ಕರಕರ ಎಂದಿತು. "ಸ್ಲೈಡ್‌ನಲ್ಲಿ ಇದೆಯಲ್ಲ ಮೇಡಂ."

"ಸ್ಲೈಡ್‌ನಾಗೆ ಬಾಳ ಸಲ ನೋಡೀನ್ರಿ. ಅಲ್ಲಿ ಬರ್ತೈತೆ. ಕೈಯಾಗೆ ಬರಂಗಿಲ್ಲ."

ಸಭೆಯಲ್ಲಿ ಸಣ್ಣ ನಗು. ಹೆಬ್ಬಾರರು ಮೈಕನ್ನು ಅಂಗೈಯಿಂದ ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಅಂದರು: "ನಿಜ ಹೇಳ್ತೀನಿ ಮೇಡಂ, ನಾನೂ ಕಿತ್ತಿಲ್ಲ. ಕಿತ್ತು ತೋರಿಸಿದ್ರೆ ಖಾಲಿ ಆಗುತ್ತೆ. ಎಲ್ಲಿ ಹೋದ್ರೂ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ಸಿ ಅಂತಾರೆ."

ಬಸವಂತಪ್ಪನವರು ಮುಂದಿನ ಸಾಲಿನಿಂದ ಎದ್ದರು. "ಏನವ್ವ ಕೊಟ್ರಮ್ಮ, ಊಟದ ಹೊತ್ತಿಗೆ ಇದೇನು? ಅದು ತುಂಬಿದ್ದು ತುಂಬಿದಂಗೇ ಇರ್ಬೇಕು, ತಪಾಸಣೆಗೆ ಬರ್ತಾರೆ. ಮೇಲಾಗಿ ಪೂಜೆ ಮಾಡಿದ್ದು. ಕಿತ್ರೆ ಒಳ್ಳೇದಲ್ಲ."

"ಪೂಜೆ ಮಾಡಿದ್ದಕ್ಕೇ ಅವತ್ತು ಚಪ್ಪಲಿ ಬಿಟ್ಟು ನಿಂತಿದ್ದು ನಾನು, ಸಾವ್ಕಾರ್ರೆ." ಕೊಟ್ರಮ್ಮ ಎರಡು ಹೆಜ್ಜೆ ಮುಂದೆ ಬಂದಳು. "ಅವತ್ತು ಹತ್ತಿದ್ದು ಮಸಿಬಟ್ಟೆ. ನಾಳೆ ಗ್ಯಾಸಿನ ಪೈಪಿಗೆ ಹತ್ತಿದ್ರೆ? ಒಳಗೆ ಇಷ್ಟು ಜನ ಹೆಣ್ಮಕ್ಳು ಅದಾರೆ. ಎಲ್ರೂ ನನ್ನ ಮಕ ನೋಡ್ತಾರೆ. ನನಗೆ ಬರಂಗಿಲ್ಲ ಅಂತ ನನಗೊಬ್ಬಳಿಗೇ ಗೊತ್ತಿತ್ತು, ಈಗ ಎಲ್ರಿಗೂ ಗೊತ್ತೈತೆ. ಹೆದ್ರಿಕೆ ಆಗ್ತೈತ್ರಿ ನನಗೆ."

ಹೋಳಿಗೆಯನ್ನು ಮರೆತು ಸಭೆ ಅವಳತ್ತ ತಿರುಗಿತು. ಹಾಲೇಶ ಕೂಡ ಮೀಸೆಯಿಂದ ಕೈ ತೆಗೆದ. ಬಸವಂತಪ್ಪನವರು ದೇವರ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿ, "ಆತು ಬಿಡವ್ವ, ಕೀಳು," ಎಂದರು. ಮರುಕ್ಷಣವೇ, "ಲೇ, ನನ್ನ ಕಾರು ದೂರ ನಿಲ್ಲಿಸ್ರೋ!" ಎಂದು ಕೂಗಿದರು.

ಆಗ ಮದುವೆ ಹಾಲಿನ ಹಿಂಬದಿಯ ಬಯಲು ರಣಭೂಮಿಯಾಯಿತು. ಗೋಡೆಗೆ ಅಂಟಿಸಿದ್ದ ಕೇಸರಿ ಜ್ವಾಲೆಗಳನ್ನೆಲ್ಲ ಕಿತ್ತು ತಂದು, ತೂತುಬಿದ್ದ ಹಳೆಯ ಬಾಣಲೆಯೊಂದರಲ್ಲಿ ಮುದುರಿ ಹಾಕಿದರು. ಹಾಲೇಶನೇ ಕಡ್ಡಿ ಗೀರಿದ. ಚಿತ್ರದ ಬೆಂಕಿಗೆ ನಿಜದ ಬೆಂಕಿ ಹತ್ತಿಕೊಂಡು ಧಗಧಗಿಸಿತು. ಒಂದು ಕಡೆ ಪಾಕಶಾಲಾ-ಪಡೆ, ಇನ್ನೊಂದು ಕಡೆ ಮಾಲೀಕರು, ನಡುವೆ ಮೈಕು ಬಿಚ್ಚುವುದನ್ನೂ ಮರೆತ ಹೆಬ್ಬಾರರು.

ಕೊಟ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕತ್ತರಿಯಿಂದ ವರ್ಷವರ್ಷದ ಕೆಂಪುದಾರಗಳನ್ನು ಕತ್ತರಿಸಿ ಬಿಸುಟಳು. ಗಟ್ಟಿಯಾದ ವಿಭೂತಿಯನ್ನು ಉಗುರಿನಿಂದ ಕೆರೆದಳು. ಬಳಿಕ ಎಡಗೈಯಿಂದ ಹಿಡಿಯನ್ನು, ಬಿಟ್ಟರೆ ಓಡಿಹೋಗುತ್ತದೋ ಎಂಬಂತೆ ಬಿಗಿಯಾಗಿ ಅದುಮಿ, ಬಲಗೈ ಬೆರಳನ್ನು ಪಿನ್ನಿನ ಉಂಗುರಕ್ಕೆ ಕೊಟ್ಟು ಎಳೆದಳು. ಪಿನ್ನು ಮಿಸುಕಲಿಲ್ಲ. ಹಲ್ಲು ಕಚ್ಚಿ ಎಳೆದಳು. ಉಂಗುರ ಬೆರಳನ್ನು ಕೊರೆಯಿತು. ಭೂಮಿ ಕಂಪಿಸಲಿಲ್ಲ, ದಿಗ್ಗಜಗಳು ಬೆದರಲಿಲ್ಲ, ಆದರೆ ಅವಳ ಒಂದು ಬಳೆ ಒಡೆದದ್ದು ನಿಜ. "ಇನ್ನೂ ಗಟ್ಟಿಯಾಗಿ ಹಿಡೀರಿ ಅಕ್ಕಾರೆ!" "ಕಾಲು ಕೊಟ್ಟು ಜಗ್ಗ್ರಿ!" ಎಂದು ಸೇನೆ ಬೊಬ್ಬಿರಿಯಿತು. ಅವಳು ಇನ್ನೂ ಗಟ್ಟಿಯಾಗಿ ಹಿಡಿದಳು. ಪಿನ್ನು ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿತು. ಅದೇ ಭಾನುವಾರ ಮತ್ತೆ ಬಂದು ಎದುರಿಗೆ ನಿಂತಂತಾಯಿತು. ಅವಳಿಗೆ ಅಳು ಬಂತು.

ಹೊಗೆ ಕಣ್ಣಿಗೆ ಹೊಡೆಯಿತು. ಕಣ್ಣೊರೆಸಿಕೊಳ್ಳಲು ಅವಳು ಎಡಗೈಯನ್ನು ಹಿಡಿಯಿಂದ ತೆಗೆದಳು. ತೆಗೆದದ್ದೇ ತಡ, ಬಲಗೈ ಬೆರಳಿಗೆ ಪಿನ್ನು ಸರ್ರನೆ ಜಾರಿ ಬಂತು, ಹೆರಳಿನಿಂದ ಹೇರ್‌ಪಿನ್ನು ಬಂದಂತೆ. ಎಳೆಯುವ ಭರದಲ್ಲಿದ್ದ ವೀರಾಂಗನೆ ಧೊಪ್ಪನೆ ನೆಲದ ಮೇಲೆ ಕೂತಳು.

ಇಡೀ ರಹಸ್ಯ ಅಷ್ಟೇ. ಹಿಡಿಯನ್ನು ಅದುಮಿದರೆ ಪಿನ್ನು ನಡುವೆ ಸಿಕ್ಕಿಕೊಳ್ಳುತ್ತದೆ. ಕೈ ಸಡಿಲಬಿಟ್ಟರೆ ಬರುತ್ತದೆ. ಹೆದರಿದವರು ಯಾರೇ ಆದರೂ ಗಟ್ಟಿಯಾಗಿಯೇ ಹಿಡಿಯುತ್ತಾರೆ, ಪರದೆಯ ಮೇಲಿನ ಚಿತ್ರಕ್ಕೆ ಹೆದರಿಕೆಯಿಲ್ಲದ್ದರಿಂದ ಅದಕ್ಕೆ ಇದು ಗೊತ್ತಿರಲಿಲ್ಲ.

ಕೂತಲ್ಲಿಂದಲೇ ಅವಳು ನಾಳವನ್ನು ಬಾಣಲೆಯತ್ತ ತಿರುಗಿಸಿ, ಈಗ ಹಿಡಿಯನ್ನು ಅದುಮಿದಳು. ಭುಸ್ಸೆಂದು ಶ್ವೇತಪ್ರಳಯವು ಎದ್ದು ಬಯಲನ್ನೂ ಬಾಣಲೆಯನ್ನೂ ಹಾಲೇಶನನ್ನೂ ಮುಸುಕಿತು. ಧೂಳು ಅಡಗಿದಾಗ ಬಾಣಲೆಯೊಳಗೆ ಬೆಂಕಿ ಇರಲಿಲ್ಲ. ಅವಳು ಹಿಡಿ ಅದುಮುವ ಮೊದಲೂ ಇರಲಿಲ್ಲ. ಅವಳು ಪಿನ್ನಿನೊಡನೆ ಗುದ್ದಾಡುತ್ತಿರುವಾಗಲೇ ಚಾರ್ಟುಗಳು ಉರಿದು ಮುಗಿದು ಬೂದಿಯಾಗಿದ್ದವು. ವೀರಾಂಗನೆ ಗೆದ್ದದ್ದು ಒಂದು ಬೊಗಸೆ ಬೂದಿಯ ಮೇಲೆ. ದೂರ ನಿಲ್ಲಿಸಿದ್ದ ಕಾರು ಮಾತ್ರ ಗಾಳಿಯ ದಿಕ್ಕಿನಲ್ಲಿದ್ದ ಕಾರಣ ಪೂರ್ತಿ ಬೆಳ್ಳಗಾಗಿತ್ತು.

ಕೊಟ್ರಮ್ಮ ನಕ್ಕಳು. ನಗುತ್ತ ನಗುತ್ತ ಅತ್ತಳು. "ಇಷ್ಟೇ ಏನ್ರೀ?" ಎಂದು ಹೆಬ್ಬಾರರನ್ನು ಕೇಳಿದಳು. "ಇಷ್ಟಕ್ಕೆ ನಾನು ಎಷ್ಟು ಸಲ ಬಸ್ಸು ಹತ್ತಿದ್ನಲ್ರೀ!"

ಹೆಬ್ಬಾರರು ತಲೆ ಕೆರೆದುಕೊಂಡು, "ಊಟ ಆದ್ಮೇಲೆ ಇನ್ನೊಂದು ಸೆಷನ್ ಇದೆ ಮೇಡಂ, ಬೆಂಕಿ ಮತ್ತು ಭಾವನೆಗಳು ಅಂತ," ಎಂದರು.

ಊಟದ ನಂತರ ಆ ಸೆಷನ್ನಿಗೆ ಯಾರೂ ಬರಲಿಲ್ಲ. ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಹಿಂಬದಿಯ ಬಯಲಿನಲ್ಲಿ ಸಾಲುನಿಂತಿದ್ದರು. ಕೊಟ್ರಮ್ಮ ಪಿನ್ನನ್ನು ಮತ್ತೆ ತೂತಿಗೆ ತೂರಿಸಿಕೊಡುವಳು, ಒಬ್ಬೊಬ್ಬರೇ ಬಂದು ಕೀಳುವರು. ಮೈಯೆಲ್ಲ ಬೆಳ್ಳಗಾಗಿದ್ದ ಹಾಲೇಶನ ಸರದಿ ಬಂದಾಗ ಅವನೂ ಗಟ್ಟಿಯಾಗಿ ಹಿಡಿದು ಜಗ್ಗಿದ. ಬರಲಿಲ್ಲ. ಯಾರೂ ನಗಲಿಲ್ಲ. "ಕೈ ಸಡಿಲ ಬಿಡೋ," ಎಂದಳು ಕೊಟ್ರಮ್ಮ. ಬಿಟ್ಟ. ಬಂತು. ಅವನು ಪಿನ್ನನ್ನು ಅಂಗೈಯಲ್ಲಿಟ್ಟು ನೋಡಿ, "ಅಕ್ಕಾರೆ, ಇನ್ನೊಂದ್ಸಲ," ಎಂದ.

ಬಸವಂತಪ್ಪನವರು ಕಾರು ಒರೆಸಿಸಿಕೊಂಡು ಬಂದರು. "ಆತಲ್ಲ? ನಾಳೆನೇ ಕಳ್ಸಿ ತುಂಬಿಸ್ಬೇಕು ಇದನ್ನ."

"ಬ್ಯಾಡ್ರಿ ಸಾವ್ಕಾರ್ರೆ," ಎಂದಳು ಕೊಟ್ರಮ್ಮ. "ತುಂಬಿದ್ದು ಬೇರೆದು ತರ್ರಿ. ಇದು ಖಾಲಿನೇ ಇರ್ಲಿ."

"ಖಾಲಿದು ಇಟ್ಕಂಡು ಏನ್ ಮಾಡ್ತಿ?"

"ತುಂಬಿದ್ದನ್ನ ಮುಟ್ಟೋಕೆ ಎಲ್ರೂ ಹೆದರ್ತಾರೆ. ಖಾಲಿದನ್ನ ಯಾರು ಎಷ್ಟು ಸಲ ಬೇಕಾದ್ರೂ ಕೀಳ್ಬಹುದಲ್ರಿ."

ಮರುದಿನ ಸಾಸಿವೆ ಡಬ್ಬಿಯೊಳಗಿನ ಬಿಲ್ಲೆಯು ಕೊಟ್ರಮ್ಮನ ಎದೆಗೆ ಮರಳಿತು. ಅಂದಿನಿಂದ ಆ ಮಹಾಸ್ತ್ರವು ರುಬ್ಬುವ ಯಂತ್ರದ ಪಕ್ಕದಲ್ಲಿ ನಿಂತಿತು, ಹಾರವಿಲ್ಲ, ದಾರವಿಲ್ಲ. ಚಹಾ ಕುದಿಯುವವರೆಗೆ ಬೇರೆ ಕೆಲಸವಿಲ್ಲದ ಹೆಣ್ಣುಮಕ್ಕಳು ಚಪ್ಪಲಿ ಕಾಲಲ್ಲೇ ಬಂದು ಅದರ ಪಿನ್ನು ಕಿತ್ತು, ಮತ್ತೆ ಹಾಕಿ, ಚಹಾ ಸೋಸಲು ಹೋಗುತ್ತಿದ್ದರು.