ಶಿಂದಿ ಅಂಗಡಿ ತಪ್ಪಿಸಿ ನಡೆದ ಆರು ತಿಂಗಳು

ಈ ಮಾತನ್ನು ನನಗೆ ಮೊದಲು ಹೇಳಿದವಳು ನನ್ನ ಸೋದರತ್ತೆ. ಆಕೆ ಜನ್ಮದಲ್ಲಿ ಒಂದೇ ಒಂದು ಸಲ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ, ಒಂದು ತಾಮ್ರದ ಹಂಡೆ ಕೊಂಡು, ಅದೇ ಸಂಜೆಯ ಗಾಡಿಗೆ ತಿರುಗಿ ಬಂದವಳು. ಆದರೆ ಹುಬ್ಬಳ್ಳಿಯ ಸುದ್ದಿ ತೆಗೆದಳೆಂದರೆ ವಿಲಾಯತಿ ಕಂಡು ಬಂದ ಬ್ಯಾರಿಸ್ಟರನ ಗತ್ತು.

"ನೋಡವಾ," ಅಂದಿದ್ದಳು, "ಪರಊರಾಗ ಶಿಂದಿ ಅಂಗಡಿ ಹುಡಿಕ್ಕೊಂಡು ಹೋದವರಿಗೆ ಒಂದೂ ಸಿಗೂದಿಲ್ಲ. ತಪ್ಪಿಸಿಕೊಂಡು ಹೋಗತೇನಿ ಅನ್ನೋರ ಕಾಲಿಗೇ ಬಂದು ಬೀಳತಾವ."

ಹೆಂಡದಂಗಡಿಯ ಈ ಮಾತಿಗೆ ಆಗ ನಕ್ಕಿದ್ದೆ. ಈಗ ನಲವತ್ತು ದಾಟಿದ ಮೇಲೆ ನಗುವುದು ಬಿಟ್ಟಿದ್ದೇನೆ. ಹೊಸ ಊರಿಗೆ ಬಂದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗಂತೂ ಆರೇ ತಿಂಗಳಲ್ಲಿ ಒಂದರ ಬೆನ್ನಿಗೊಂದು ಆದವು.

ಬಿ.ಎ. ಆಗಿತ್ತು. ನಾನು ಒಂದು ಕಡೆ ಕೂಡುವ ಹುಡುಗಿಯಲ್ಲ; ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು. ಹುಬ್ಬಳ್ಳಿಯಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತು. ಆರು ತಿಂಗಳು ನೋಡುತ್ತಾರೆ, ಆಮೇಲೆ ಕಾಯಂ. ಸಾಲೆಯ ಚೇರ್ಮನ್ನರೇ ಕುಡಿತ ಬಿಡಿಸುವ ಸಂಘಕ್ಕೂ ಚೇರ್ಮನ್ನರು. ನೇಮಕದ ಕಾಗದದಲ್ಲಿ ಪಾಠ ಕಲಿಸುವ ಬಗ್ಗೆ ಒಂದು ಸಾಲು ಇತ್ತು, ಕುಡಿತದ ಬಗ್ಗೆ ಆರು. ಶಿಂದಿ ಅಂಗಡಿ ಎಂಥದೆಂದು ಗೊತ್ತಿರುವ ಹೆಣ್ಣುಮಗಳು ಈ ಸಾಲೆಗೆ ಬೇಡ ಎಂಬುದು ಅವುಗಳ ಸಾರ.

ಮನೆಯಲ್ಲಿ ಅಪ್ಪನದು ಬೇರೆ ಕರಾರು. "ಕಾಯಂ ಆತಂದ್ರ ಇರು. ಆಗಲಿಲ್ಲಂದ್ರ ಸುಮ್ಮನ ಬಂದು ಬೆಳಗಾವಿ ವರನ್ನ ಮಾಡ್ಕೋ." ಬೆಳಗಾವಿಯ ವರ ಊಟವಾದ ಮೇಲೆ ಎರಡು ತಾಸು ಮಲಗುತ್ತಾನೆ, ಎದ್ದ ಮೇಲೆ ಆ ನಿದ್ದೆಯ ಬಗ್ಗೆ ಒಂದು ತಾಸು ಮಾತಾಡುತ್ತಾನೆ ಎಂದು ನನಗೆ ಸುದ್ದಿ ಮುಟ್ಟಿತ್ತು. ಟ್ರಂಕು, ಹಾಸಿಗೆ ಸುರುಳಿ, ಛತ್ರಿ ಹಿಡಿದುಕೊಂಡು ಹೊರಟೇಬಿಟ್ಟೆ.

೧. ಟಾಂಗಾ

ಧಾರವಾಡದ ಗಾಡಿ ಇಳಿದು ಸ್ಟೇಷನ್ನಿನ ಹೊರಗೆ ಟಾಂಗಾ ಹತ್ತಿದೆ. ಟಾಂಗಾ ಹೊಡೆಯುವವರು ಬಿಳಿಗಡ್ಡದ ಸಾಹೇಬರು. ಸಾಲೆಯ ಹೆಸರು ಹೇಳಿದರೆ ಅವರಿಗೂ ಗೊತ್ತಿಲ್ಲ, ಕುದುರೆಗೂ ಗೊತ್ತಿಲ್ಲ. ಒಂದೇ ಭಾವಿಯನ್ನು ಮೂರು ಸಲ ಸುತ್ತಿದೆವು. ಒಮ್ಮೆ ಊರ ಹೊರಗಿನ ಗಬ್ಬೂರಿನ ತನಕ ಹೋಗಿ ಹೊರಳಿ ಬಂದೆವು.

"ಬಾಯಾರ, ಯಾವ ಶಿಂದಿ ಅಂಗಡಿ ಬಾಜೂಕ ಐತಿ ಅಷ್ಟ ಹೇಳ್ರಿ, ಲಗೂ ಮುಟ್ಟಸ್ತೇನಿ," ಅಂದರು ಸಾಹೇಬರು.

ನನಗೆ ಮೈ ಉರಿಯಿತು. "ಹೆಣ್ಣಮಕ್ಕಳ ಸಾಲಿ ಬಾಜೂಕ ಅದ್ಯಾಕ ಇರತದರಿ?"

"ಹಂಗಲ್ರಿ. ಓಣಿ ಹೆಸರು ಒಬ್ಬೊಬ್ಬರು ಒಂದೊಂದು ಹೇಳತಾರ. ಶಿಂದಿ ಅಂಗಡಿ ಗುರುತು ಮಾತ್ರ ಯಾರೂ ತಪ್ಪು ಹೇಳೂದಿಲ್ಲ."

"ನನಗ ಅವು ಒಂದೂ ಗೊತ್ತಿಲ್ಲ. ನನಗ ಅವು ಕಾಣಿಸೂದೂ ಬ್ಯಾಡ. ಶಿಂದಿ ಅಂಗಡಿ ಒಂದೂ ಇರದ ಹಾದಿ ಹಿಡದು ಹೊಡೀರಿ."

ಸಾಹೇಬರು ಲಗಾಮು ಸಡಿಲು ಬಿಟ್ಟು, ಗಡ್ಡ ನೀವಿಕೊಂಡರು.

"ಅಂಥಾ ಹಾದಿ ಒಂದ ಐತ್ರಿ ಬಾಯಾರ," ಅಂದರು. "ಅದು ತಿರುಗಿ ಧಾರವಾಡಕ್ಕ ಹೋಗತೈತಿ."

೨. ಛತ್ರಿ

ಸಾಲೆ ಸಿಕ್ಕಿತು, ಒಂದು ಖೋಲಿಯೂ ಬಾಡಿಗೆಗೆ ಸಿಕ್ಕಿತು. ಎರಡೂ ಒಂದೇ ಓಣಿಯಲ್ಲಿ. ಓಣಿಯ ಆ ತುದಿಗೆ ಖೋಲಿ, ಈ ತುದಿಗೆ ಸಾಲೆ, ನಟ್ಟನಡುವೆ ಗರಡಿಮನೆ, ಅದರಾಚೆ ಇಪ್ಪತ್ತು ಹೆಜ್ಜೆಗೆ ಶಿಂದಿ ಅಂಗಡಿ. ಬೇರೆ ಹಾದಿ ಹಿಡಿದರೆ ಪೇಟೆಯನ್ನೆಲ್ಲ ಸುತ್ತಿ ಬರಬೇಕು. ನಾನೊಂದು ಯುಕ್ತಿ ಮಾಡಿದೆ. ಹೋಗುವಾಗ ಎಡಗಡೆಗೆ, ಬರುವಾಗ ಬಲಗಡೆಗೆ ಛತ್ರಿಯನ್ನು ಗೋಡೆಯಂತೆ ಅಡ್ಡ ಹಿಡಿದು, ಅರ್ಧ ನಡೆದು ಅರ್ಧ ಓಡಿ ದಾಟಿಬಿಡುತ್ತಿದ್ದೆ. ಬಿಸಿಲಿರಲಿ, ಮೋಡವಿರಲಿ, ಛತ್ರಿ ತಪ್ಪುತ್ತಿರಲಿಲ್ಲ. ನಾನು ಅವರನ್ನು ನೋಡುವುದಿಲ್ಲ, ಆದ್ದರಿಂದ ಅವರೂ ನನ್ನನ್ನು ನೋಡುವುದಿಲ್ಲ ಎಂದು ನನ್ನ ತರ್ಕ. ತರ್ಕಶಾಸ್ತ್ರದಲ್ಲಿ ನನಗೆ ಒಳ್ಳೆಯ ಮಾರ್ಕು ಬಂದಿದ್ದವು.

ಎರಡು ತಿಂಗಳಾದ ಮೇಲೆ ಒಂದು ದಿನ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ರುಮಾಲು ಸರಿಮಾಡಿಕೊಳ್ಳುತ್ತ ಸಾಲೆಯೊಳಗೆ ಬಂದ. ನಾನು ಪಕ್ಕದಲ್ಲೇ ನಿಂತಿದ್ದೆ.

"ಛತ್ರಿ ಅಕ್ಕಾರು ಯಾರ್ರಿ?" ಅಂತ ನಮ್ಮ ಮುಖ್ಯ ಶಿಕ್ಷಕಿ ಹೆಡ್‌ಬಾಯಿಯವರನ್ನು ಕೇಳಿದ.

ನಾನು ಛತ್ರಿಯನ್ನು ಬೆನ್ನ ಹಿಂದೆ ಸರಿಸಿದೆ.

"ನಮ್ಮ ಆಳುಗೋಳು ಮುಂಜಾನೆ ಅಲ್ಲೆ ಕುಂತಿರತಾರ್ರಿ. ಗಡಿಯಾರ ಯಾರ ಕಡೆನೂ ಇಲ್ಲ. ಛತ್ರಿ ದಾಟಿತಂದ್ರ ಎದ್ದು ಪಾಳಿಗೆ ಬರತಾರ. ನಿನ್ನಿ ಆ ಅಕ್ಕಾರು ಒಂದ ತಾಸು ತಡಾ ಮಾಡಿದ್ರು. ಜಿನ್ನು ಒಂದ ತಾಸು ತಡಾ ಚಾಲೂ ಆತ್ರಿ. ಮಾಲಕರು ನನ್ನ ಹರಕೊಂಡು ತಿನ್ನಾಕತ್ತಾರ."

"ಅಲ್ಲೆ ಅಂದ್ರ ಎಲ್ಲೆ?" ಹೆಡ್‌ಬಾಯಿಯವರ ದನಿ ಗಟ್ಟಿಯಾಯಿತು.

ಮುಕಾದಮ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಜಾಣ ಮನುಷ್ಯ. "ಗುಡಿ ಕಟ್ಟಿ ಮ್ಯಾಲ್ರಿ," ಅಂದ.

ಹೆಡ್‌ಬಾಯಿಯವರು ಕರಗಿಹೋದರು. ನನ್ನ ಕಡೆ ತಿರುಗಿ, "ನೋಡ್ರಿ, ಅಷ್ಟು ಮಂದಿ ಭಕ್ತರು ನಿಮ್ಮನ್ನ ಕಾಯ್ಕೊಂಡು ಕೂತಿರತಾರ," ಅಂದರು. "ಇನ್ನ ಮ್ಯಾಲ ತಡಾ ಮಾಡಬ್ಯಾಡ್ರಿ."

೩. ಕೇಶ್ವಾಪುರದ ಕೆಮ್ಮು

ರವಿವಾರ ಖೋಲಿಯಲ್ಲಿ ಕೂತರೆ ಗೋಡೆಗಳು ಹತ್ತಿರ ಬಂದಂತಾಗುತ್ತಿತ್ತು. ಒಂದು ಸಲ ಸುಮ್ಮನೆ, ರೈಲ್ವೆಯ ಇಂಗ್ರೇಜಿ ಸಾಹೇಬರ ಬಂಗಲೆಗಳಿರುವ ಕೇಶ್ವಾಪುರದ ಕಡೆ ನಡೆದೆ. ಹತ್ತಿಯ ಧೂಳಿಗೆ ವಾರದಿಂದ ಕೆಮ್ಮು ಬೇರೆ. ಅಷ್ಟು ಹೊತ್ತಿಗೆ ಇಂಥ ಅಂಗಡಿ ಗುರುತಿಸಲು ನಾನೇ ಮೂರು ಲಕ್ಷಣ ಗೊತ್ತು ಮಾಡಿಕೊಂಡಿದ್ದೆ: ಗದ್ದಲ, ವಾಸನೆ, ಮಣ್ಣಿನ ಗಡಿಗೆ. ಮೂರೂ ಇಲ್ಲದ ಕಡೆ ಧೈರ್ಯವಾಗಿ ಹೋಗಬಹುದು.

ಒಂದು ಚೊಕ್ಕ ಅಂಗಡಿ ಕಂಡಿತು. ಕಿಟಕಿಗೆ ಜಾಳಿಗೆಯ ಪರದೆ, ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ಬಾಟಲಿಗಳ ಸಾಲು, ಥೇಟು ದವಾಖಾನೆ. ಒಳಗೆ ಇಬ್ಬರು ಟೋಪಿ ಸಾಹೇಬರು ಮಾತಿಲ್ಲದೆ, ಬಹಳ ದಿನದ ರೋಗಿಗಳ ಹಾಗೆ ಮುಖ ಇಳಿಬಿಟ್ಟು ಕೂತಿದ್ದರು. ಮೇಜಿನ ಹಿಂದೆ ಚಾಳೀಸು ಹಾಕಿದ ಪಾರ್ಸಿ ಮುದುಕ.

"ಡಾಕ್ಟರ, ಕೆಮ್ಮಿಗೆ ಏನರ ಕೊಡ್ರಿ," ಅಂದೆ.

ಆತ ಚಾಳೀಸಿನ ಮೇಲಿಂದ ನೋಡಿದ. "ಎಷ್ಟು ದಿನದ ಕೆಮ್ಮು ಬಾಯಿ?"

"ವಾರ ಆತರಿ."

"ಇವರದು ಹದಿನೈದು ವರ್ಷದ್ದು," ಅಂತ ಸಾಹೇಬರ ಕಡೆ ಬೆರಳು ಮಾಡಿದ.

"ಅಯ್ಯ! ಇನ್ನೂ ಗುಣಾ ಆಗಿಲ್ಲೇನ್ರಿ?"

"ಗುಣಾ ಆಗಿದ್ರ ನಾ ಅಂಗಡಿ ಮುಚ್ಚಬೇಕಾಗತಿತ್ತು."

ಆಗ ನನ್ನ ಬಿ.ಎ.ದ ಇಂಗ್ಲಿಷು ಮೊದಲನೇ ಸಲ ಉಪಯೋಗಕ್ಕೆ ಬಂತು: ಬಾಟಲಿಯ ಮೇಲಿನ ಚೀಟಿ ಓದಿದೆ. ವಿಲಾಯತಿ ಬ್ರಾಂದಿ. ಬಾಗಿಲ ತನಕ ಓಡಿ ಅಲ್ಲೇ ನಿಂತೆ. ಹೊರಗೆ ರಸ್ತೆಯ ತುಂಬ ಮಂದಿ. ಅವರಲ್ಲಿ ಒಬ್ಬರಿಗೆ ನನ್ನ ಗುರುತಿದ್ದರೂ ಬೆಳಗಾವಿಯ ಗಾಡಿ ಹತ್ತಬೇಕು. ಮುದುಕನಿಗೆ ಕನಿಕರ ಬಂತು.

"ಹೆದರಬ್ಯಾಡ. ಹಿಂದಿನ ಬಾಗಿಲಿಂದ ಹೋಗು ಬಾಯಿ," ಅಂದ. "ಊರಾಗಿನ ಮರ್ಯಾದಸ್ತರೆಲ್ಲಾ ಅಲ್ಲಿಂದನ ಹೋಗೂದು."

೪. ಗರಡಿಯ ಮುಂದೆ

ಆರು ತಿಂಗಳು ತುಂಬಲು ವಾರವಷ್ಟೇ ಉಳಿದಿತ್ತು. ಚೇರ್ಮನ್ನರು ನಮ್ಮ ಓಣಿಯ ಶಿಂದಿ ಅಂಗಡಿಯ ಮುಂದೆ ಧರಣಿ ಕೂಡಿಸುವುದೆಂದು ಗೊತ್ತು ಮಾಡಿದರು. ಅದಕ್ಕೆ ಧಾರವಾಡದಿಂದ ಸಂಘದ ಹದಿನೈದು ಮಂದಿ ಹೆಣ್ಣುಮಕ್ಕಳು ಮುಂಜಾನೆಯ ಗಾಡಿಗೆ ಬಂದರು. ಅವರ ಮುಂದಾಳು ಒಬ್ಬ ವಕೀಲರ ಹೆಂಡತಿ. ಎಲ್ಲರೂ ವಕೀಲಬಾಯಿ ಅನ್ನುತ್ತಿದ್ದರು. ಸ್ಟೇಷನ್ನಿನಿಂದ ಅವರನ್ನು ಕರೆತರುವ ಕೆಲಸ ನನಗೆ ಬಂತು.

ಓಣಿಯೊಳಗೆ ಹೊಕ್ಕು ಅರ್ಧ ಹಾದಿ ಬಂದರೆ ಗರಡಿಮನೆ. ಅದರ ಮಗ್ಗುಲಿಗೆ ಗೌಳಿಯವನ ಹಾಲಿನ ಅಂಗಡಿ. ಪೈಲ್ವಾನರು ಸಾವಿರ ಬೈಠಕ್ ಹೊಡೆದು, ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು, ಕಾಲು ನಡುಗಿಸುತ್ತ ಹೊರಗೆ ಬಂದು ತಂಬಿಗೆಗಟ್ಟಲೆ ಹಾಲು ಕುಡಿಯುತ್ತಿದ್ದರು. ವಕೀಲಬಾಯಿ ಗಕ್ಕನೆ ನಿಂತರು.

"ಇದ ನೋಡ್ರಿ!"

"ಹೆಂಗ ತಿಳೀತರಿ ನಿಮಗ?" ಹಿಂದಿನಿಂದ ಯಾರೋ ಕೇಳಿದರು.

"ಕಣ್ಣಿಲ್ಲೇನು? ಗಡಿಗಿ ಅದಾವ, ಬಿಳೇ ನೊರಿ ಅದ, ಕಣ್ಣು ಕೆಂಪಗ ಮಾಡ್ಕೊಂಡು ತೂರಾಡೂ ಗಂಡಸರು ಅದಾರ. ಇನ್ನೇನು ಬೇಕು?"

ನಿಜವಾದ ಅಂಗಡಿ ಇನ್ನೂ ಇಪ್ಪತ್ತು ಹೆಜ್ಜೆ ಮುಂದಿತ್ತು. ನಾನು ಮೆಲ್ಲಗೆ, "ಬಾಯಾರ, ಇದು ಹಾಲಿನ ಅಂಗಡಿ ಇದ್ದಂಗ ಕಾಣತದ," ಅಂದೆ.

"ಹಂಗ ಕಾಣಲಿ ಅಂತನ ಮಾಡಿರತಾರ. ಅಲ್ಲಾ, ಶಿಂದಿ ಅಂಗಡಿ ಹೆಂಗಿರತದಂತ ನಿಮಗ ಗೊತ್ತದ ಏನು?"

ಹದಿನೈದು ಮುಖಗಳು ನನ್ನ ಕಡೆ ಹೊರಳಿದವು. ಬೆಳಗಾವಿಯ ವರ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ್ದು ನನ್ನ ಕಣ್ಣಿಗೆ ಕಟ್ಟಿತು.

"ಛೇ ಛೇ! ನನಗೇನ ಗೊತ್ತರಿ," ಅಂದು ಎಲ್ಲರಿಗಿಂತ ಮೊದಲು ನಾನೇ ನೆಲದ ಮೇಲೆ ಕೂತೆ.

ಭಜನೆ ಸುರುವಾಯಿತು. "ಎಮ್ಮಿ ಹಾಲರೀ! ಎಮ್ಮಿ ಹಾಲು!" ಎಂದು ಗೌಳಿ ಒದರಿದ್ದು ತಾಳದ ಸಪ್ಪಳದಲ್ಲಿ ಮುಳುಗಿಹೋಯಿತು. ಎಲ್ಲರಿಗಿಂತ ದೊಡ್ಡ ಪೈಲ್ವಾನನ ಮುಂದೆ ವಕೀಲಬಾಯಿ ಕೈಮುಗಿದು ನಿಂತರು.

"ಅಪ್ಪಾ, ನೀ ಇದನ್ನ ಕುಡಿಯೂದು ನಿನ್ನ ತಾಯಿಗೆ ಗೊತ್ತದ ಏನು?"

"ಅಕೀನ ದಿನಾ ಕುಡೀ ಕುಡೀ ಅಂತ ಜೀವಾ ತಿಂತಾಳ್ರಿ," ಅಂದ ಪೈಲ್ವಾನ.

"ಶಿವನೇ! ಹಡದ ತಾಯಿ! ಎಷ್ಟು ವರ್ಷದಿಂದ ಈ ಚಟಾ?"

"ಹುಟ್ಟಿದಾಗಿಂದನೂ ಐತ್ರಿ."

ಹದಿನೈದೂ ಮಂದಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಬ್ಬರು ಬಿಕ್ಕಿದರು. ಹೆಣ್ಣುಮಕ್ಕಳ ಅಳು ಆ ಗಟ್ಟಿ ಮನುಷ್ಯನಿಗೆ ತಡೆಯಲಾಗಲಿಲ್ಲ. ತಂಬಿಗೆ ಕೆಳಗಿಟ್ಟ. "ಅಳಬ್ಯಾಡ್ರಿ ಅವ್ವಾರ. ನಮ್ಮ ಗರಡಿ ಹಣಮಪ್ಪನ ಆಣಿ, ಇನ್ನ ಇದನ್ನ ಮುಟ್ಟೂದಿಲ್ಲ," ಅಂದ. ಜಯಜಯಕಾರ ಎದ್ದಿತು.

ಆ ಹೊತ್ತಿಗೆ ಚೇರ್ಮನ್ನರು ಬಂದರು. ತಂಬಿಗೆ ಎತ್ತಿ ಮೂಸಿ ನೋಡಿದರು. ಮುಖ ಕೆಂಪಾಯಿತು.

"ಇದು ಹಾಲು! ನಿಮ್ಮೊಳಗ ಒಬ್ಬರಿಗೂ ಶಿಂದಿ ಅಂಗಡಿ ಗುರುತು ಇಲ್ಲೇನು?"

"ಒಬ್ಬರಿಗೂ ಇಲ್ಲರಿ," ಅಂದರು ವಕೀಲಬಾಯಿ, ತಲೆ ಎತ್ತಿ.

ಚೇರ್ಮನ್ನರು ನನ್ನ ಕಡೆ ತಿರುಗಿದರು. "ನಿಮಗೂ? ಆರು ತಿಂಗಳಾತು ನೀವು ಇದ ಓಣ್ಯಾಗ ಅಡ್ಡಾಡಾಕತ್ತು!"

ನಾನು ನೆಲ ನೋಡಿದೆ.  ಅವರು ನನ್ನನ್ನೊಮ್ಮೆ, ನನ್ನ ಛತ್ರಿಯನ್ನೊಮ್ಮೆ ನೋಡಿದರು. ಆಮೇಲೆ ಅವರ ಕಣ್ಣಲ್ಲೇ ನೀರು ಬಂತು.

"ಇಪ್ಪತ್ತು ಹೆಜ್ಜಿ ಮ್ಯಾಲ ಅದ, ಆರು ತಿಂಗಳಾಗ ಕಣ್ಣೆತ್ತಿ ನೋಡಿಲ್ಲ. ಇಂಥಾ ಶಿಕ್ಷಕಿ ಎಲ್ಲಿ ಸಿಗಬೇಕು!" ಅಂದು, ಅಲ್ಲೇ ಗರಡಿಯ ಮುಂದೆಯೇ ನನ್ನ ನೌಕರಿ ಕಾಯಂ ಮಾಡಿದರು.

ವರ ಬೇಡವೆಂದು ಬೆಳಗಾವಿಗೆ ಕಾಗದ ಹೋಯಿತು. ನಾನು ಹುಬ್ಬಳ್ಳಿಯಲ್ಲೇ ಉಳಿದೆ. ಮೂರು ತಿಂಗಳ ಮೇಲೆ ಒಂದು ದಿನ ಆ ಪೈಲ್ವಾನ ಓಣಿಯಲ್ಲಿ ಎದುರಾದ. ಸ್ವಲ್ಪ ಓಲಾಡುತ್ತಿದ್ದ.

"ಅಕ್ಕಾರ, ಮಾತು ತಪ್ಪಿಲ್ರಿ ನಾ. ಅವತ್ತಿಂದ ಒಂದ ಹನಿ ಹಾಲು ಮುಟ್ಟಿಲ್ಲ."

ನಾನು ಛತ್ರಿ ಮಡಿಚಿದೆ. "ಮತ್ತ ಈಗ ಏನ ಕುಡೀತಿಯಪ್ಪಾ?"

"ಶಿಂದಿರಿ," ಅಂದ. "ಅದರ ಮುಂದ ಯಾರೂ ಬಂದು ಅತ್ತಿಲ್ಲಲ್ರಿ."

ಇದನ್ನು ನೀವು ಕೇಳಿ ಇಲ್ಲಿಗೇ ಬಿಡಬೇಡಿರಿ. ಪರಊರಿಗೆ ಹೊರಟವರು ಸಿಕ್ಕರೆ ಹೇಳಿರಿ. ವಕೀಲಬಾಯಿಯವರಿಗೆ ಮಾತ್ರ ಹೇಳಬೇಡಿರಿ. ಅಂದು ಒಬ್ಬನ ಚಟ ಬಿಡಿಸಿ ಬಂದೆವೆಂದು ಅವರು ಇನ್ನೂ ಭಾಷಣ ಮಾಡುತ್ತಾರೆ.