ಕುರ್ಚಿಯ ಉಪಚಾರ

ಬೈದವರನ್ನು ತಿರುಗಿ ಬೈಯಬಹುದು, ಕುರ್ಚಿ ಕೊಟ್ಟವರನ್ನು ಏನು ಮಾಡುವುದು? ಅರವತ್ತು ದಾಟಿದ ಮೇಲೆ ನನಗೆ ಬಂದಿರುವ ಕಷ್ಟ ಇದು. ದಿಲ್‌ಸುಖ್‌ನಗರದಲ್ಲಿ ವಯಸ್ಸಾದವರಿಗಾಗಿ ಇರುವ ಒಂದು ಸೇವಾಕೇಂದ್ರದಲ್ಲಿ ನಾನು ಸಮಾಜ ಕಾರ್ಯಕರ್ತೆ. ಮನೆಮನೆಗೆ ಹೋಗಿ ಅವರ ಕಷ್ಟಸುಖ ಕೇಳುವುದು ನನ್ನ ಕೆಲಸ. ಕೆಲಸ ಅನ್ನುವುದಕ್ಕಿಂತ ಚಟ ಅಂದರೂ ಸರಿಯೇ. ಮನೆಯಲ್ಲಿ ಕೂತರೆ ನಮ್ಮ ಯಜಮಾನರ ಕಷ್ಟಸುಖ ಕೇಳಬೇಕಾಗುತ್ತದೆ. ಗಚ್ಚಿಬೌಲಿಯ ಸಾಫ್ಟ್‌ವೇರ್ ಹುಡುಗರು ಶನಿವಾರದ ಸೇವೆಗೆ ಬರಲು ಶುರುಮಾಡಿದ ಮೇಲಂತೂ ಉಪಚಾರ ವಿಪರೀತವಾಯಿತು. ಒಮ್ಮೆ ಶಾಲು ಹಂಚಲು ನಿಂತಿದ್ದ ನನ್ನನ್ನೇ ಸಾಲಿನಲ್ಲಿ ಕೂರಿಸಿ, ಹೊದಿಸಿ, ಫೋಟೋ ತೆಗೆದರು. ಶಾಲು ಚೆನ್ನಾಗಿತ್ತು, ಆ ಮಾತು ಬೇರೆ.

ಆಮೇಲೆ ಮೈಸೂರಿನ ಕಾವ್ಯಾ ನಮಗೆ ಮೇಲ್ವಿಚಾರಕಿಯಾಗಿ ಬಂದಳು. "ಮೇಡಂ, ಇನ್ಮೇಲೆ ಮನೆಭೇಟಿಗೆ ಹುಡುಗರು ಹೋಗ್ತಾರೆ. ಈ ವಯಸ್ಸಲ್ಲಿ ನಿಮಗ್ಯಾಕೆ ಮೆಟ್ಟಿಲು? ಇಲ್ಲೇ ಕೂತು ಫೋನ್ ನೋಡ್ಕೊಳ್ಳಿ" ಎಂದು ಕುರ್ಚಿ ಎಳೆದು ಕೊಟ್ಟಳು. ನನಗೆ ಅಳುವೇ ಬಂತು. ಅದು ಹೊರಗೆ ಬರುವಾಗ ಮಾತ್ರ ಸಿಟ್ಟಾಗಿ, ನಮ್ಮ ಬೀದರಿನ ಮಾತಿನಲ್ಲೇ ಬಂತು. "ಇವತ್ತೊಂದಿನ ನನ್ನ ಜೋಡಿ ನಡಿಯವ್ವ. ಆಮ್ಯಾಲ ನೀ ಹೇಳಿದ್ಹಂಗ ಕೇಳ್ತೀನಿ."

ಎಂಬತ್ತರ ಆಸುಪಾಸಿನ ಗಂಗಾಬಾಯಿಯ ಮನೆ ಮೂರನೇ ಮಹಡಿಯಲ್ಲಿ. ಹತ್ತುವಾಗ ನಾನು ಏದುಸಿರು ಬಿಟ್ಟದ್ದು ನಿಜ. ಕಾವ್ಯಾಳೂ ಬಿಟ್ಟಳು, ಅದನ್ನು ನಾನು ಸಂತೋಷದಿಂದ ಕೇಳಿಸಿಕೊಂಡೆ. ಒಳಗೆ ಕಾಲಿಟ್ಟವಳೇ ಅವಳು ಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ, "ಅಜ್ಜೀ, ಊಟ, ಆಯ್ತಾ?" ಎಂದು ಕೂಗಿದಳು.

"ನನ್ನ ಕಿವಿ ಛಲೋ ಅದಾವ ತಂಗಿ, ಒದರಬ್ಯಾಡ" ಎಂದರು ಗಂಗಾಬಾಯಿ. ಆಮೇಲೆ ನನ್ನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು. "ಮಗ, ಸೊಸಿ ಭಾಳ ಛಲೋ ಅದಾರ್ರಿ. ಆದ್ರ ಒಂದ ಒಂದು ಕೆಲಸ ಮುಟ್ಟಗೊಡಂಗಿಲ್ಲ. ನೀ ಕೂಡು, ನೀ ಕೂಡು ಅಂತಾರ. ದಿನಾ ಕೂಡಾಕ ನಾ ಏನ್ ಗೊಂಬಿ ಏನ್ರಿ?"

ಇಳಿಯುವಾಗ ಕಾವ್ಯಾ, "ಸಾರಿ ಮೇಡಂ, ಮನೆಭೇಟಿ ನೀವೇ ಮಾಡಿ" ಎಂದಳು. ಅಷ್ಟಕ್ಕೆ ಬಿಡುವ ಪೈಕಿ ನಾನಲ್ಲ. ವಯಸ್ಸು ನೋಡಿ ಮನುಷ್ಯರನ್ನು ಅಳೆಯಬಾರದು ಎಂದು ಕೆಳಗಿನ ಮೆಟ್ಟಿಲವರೆಗೂ ಉಪನ್ಯಾಸ ಕೊಟ್ಟೆ.

ಮರುದಿನ ಬೆಳಿಗ್ಗೆ ಗಂಗಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಕೇಂದ್ರದ ಮುಂದೆ ಆಟೋದಿಂದ ಇಳಿದರು. "ನಾನೂ ನಿಮ್ಮ ಜೋಡಿ ಮನಿಮನಿಗೆ ಬರ್ತೀನ್ರಿ. ನನಗೂ ಕೆಲಸ ಕೊಡ್ರಿ."

ಕಾವ್ಯಾ ನನ್ನ ಮುಖ ನೋಡಿದಳು. "ಈ ವಯಸ್ಸಿನಾಗ ನಿಮಗ್ಯಾಕ್ರಿ..." ಎಂದು ನಾನು ಶುರುಮಾಡಿದ ಮೇಲೆಯೇ ನನ್ನ ಕೈ ಕುರ್ಚಿ ಎಳೆಯುತ್ತಿರುವುದು ನನಗೆ ಕಂಡದ್ದು. ಗಂಗಾಬಾಯಿ ಕೂರಲಿಲ್ಲ. ಎಳೆದ ಕುರ್ಚಿಯನ್ನು ಏನು ಮಾಡಬೇಕೆಂದು ತೋಚದೆ ನಾನೇ ಕೂತೆ.