ಪಿತ್ತ ಯಾರ ನೆತ್ತಿಗೆ?

ಹೆಂಡತಿಯಾದವಳಿಗೆ ಕೋಪ ಮಾಡಿಕೊಳ್ಳುವ ಹಕ್ಕೂ ಇಲ್ಲವೆಂದರೆ ಅವಳ ಪಾಲಿಗೆ ಉಳಿಯುವುದಾದರೂ ಏನು, ಪಾತ್ರೆ ತೊಳೆಯುವ ನಾರೇ? ಬೀದಿಯ ಕೊನೆಯ ಮನೆಯ ಟೈಲರಮ್ಮನಿಗೆ ಈ ಪ್ರಶ್ನೆ ಎದ್ದದ್ದು, ಅವಳ ಗಂಡ ‘ಆಯುರ್ವೇದ ಪರಿಚಯ ಶಿಬಿರ’ ಮುಗಿಸಿ ಮಹಾಜ್ಞಾನಿಯಾಗಿ ಮನೆಗೆ ಮರಳಿದ ಮೇಲೆ.

ಗಂಡ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್. ಊರವರ ಮನೆಯಲ್ಲಿ ಒಂದು ಹನಿ ಸೋರಿದರೂ ಗದರಿಸಿ ಬರುವ ಮಹಾನುಭಾವ. ಅವನ ಸ್ವಂತ ಅಡುಗೆಮನೆಯ ನಲ್ಲಿ ಮಾತ್ರ ಯಾವ ಕಾಲದಿಂದಲೋ ತೊಟ್ಟಿಕ್ಕುತ್ತಲೇ ಇತ್ತು. ಅವನು ಶಿಬಿರಕ್ಕೆ ಹೋದದ್ದೂ ಆರೋಗ್ಯದ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿ ಮಧ್ಯಾಹ್ನದ ಊಟ ಪುಕ್ಕಟೆ ಎಂದು ಯಾರೋ ಹೇಳಿದ್ದರು.

ಬಂದವನು ಚಪ್ಪಲಿ ಬಿಡುವ ಮೊದಲೇ ಘೋಷಿಸಿದ. “ನಮ್ಮನೇಲಿ ಎಲ್ಲರಿಗೂ ದೋಷ ಇದೆ.”

“ಇದನ್ನ ಕಲಿಯೋಕೆ ಅಲ್ಲೀತನಕ ಹೋಗ್ಬೇಕಿತ್ತಾ? ನನ್ನ ಕೇಳಿದ್ರೆ ನಿಮ್ಮ ದೋಷಾನೆಲ್ಲ ಬಾಯಿಪಾಠ ಒಪ್ಪಿಸ್ತಿದ್ದೆ,” ಎಂದಳು ಅವಳು, ಹೊಲಿಗೆ ಮಿಷನ್ನಿನಿಂದ ಕಣ್ಣೆತ್ತದೆ.

“ಆ ದೋಷ ಅಲ್ಲ ಕಣೇ! ವಾತ, ಪಿತ್ತ, ಕಫ. ತ್ರಿದೋಷ. ಮೂರೂ ಹದವಾಗಿದ್ರೆ ಆರೋಗ್ಯ, ಹದ ತಪ್ಪಿದ್ರೆ ರೋಗ. ನಮ್ಮಮ್ಮಂದು ವಾತ, ಅಂದ್ರೆ ಗಾಳಿ. ಅದಕ್ಕೇ ಬಾಯಿ ನಿಲ್ಲಲ್ಲ. ನಿಂದು ಪಿತ್ತ, ಅಂದ್ರೆ ಬೆಂಕಿ.”

“ನಿಂದು ಯಾವುದಪ್ಪಾ?” ಒಳಗಿನಿಂದ ಅತ್ತೆಯ ದನಿ ತೂರಿ ಬಂತು.

“ನಂದು ಮೂರೂ ಸಮ.”

(ಮೂರೂ ಸಮವಾಗಿದ್ದ ಆ ಅಪರೂಪದ ದೇಹವು ಮುಖ ತೊಳೆದು ಬಂದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು, ಊಟಕ್ಕೆ ಕೂತಿತು.)

ಅಂದಿನಿಂದ ಅವಳ ಕೋಪಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲವಾಯಿತು. ನಲ್ಲಿ ರಿಪೇರಿ ಯಾವಾಗ ಎಂದು ಕೇಳಿದರೆ, “ಪಿತ್ತ ಕೆರಳಿದೆ, ಸೌತೆಕಾಯಿ ತಿನ್ನು” ಎನ್ನುತ್ತಿದ್ದ. ಟವೆಲಿನ ಮಾತೆತ್ತಿದರೆ, “ಖಾರ ಕಮ್ಮಿ ಮಾಡು” ಎನ್ನುತ್ತಿದ್ದ. ಮೊದಲಾದರೆ ಅವನು ತಿರುಗಿ ಜಗಳಕ್ಕಾದರೂ ಬರುತ್ತಿದ್ದ. ಈಗ ರೋಗಿಯನ್ನು ನೋಡುವಂತೆ ಕನಿಕರದಿಂದ ನೋಡುತ್ತಿದ್ದ. ಆ ಕನಿಕರ ಕಂಡಾಗಲೆಲ್ಲ ಅವಳ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಶಿಬಿರದಲ್ಲಿ ಹೇಳಿಕೊಟ್ಟ ‘ದಿನಚರಿ’ಯ ಪ್ರಕಾರ ತಲೆಯಿಂದ ಕಾಲಿನವರೆಗೆ ಎಳ್ಳೆಣ್ಣೆ ಬಳಿದುಕೊಂಡ. ಕೈಗಂಟಿದ ಎಣ್ಣೆ ಒರೆಸಿಕೊಳ್ಳಲು ಬಟ್ಟೆ ಹುಡುಕಿದ. ಸಿಕ್ಕಿದ್ದು ಬ್ಯಾಂಕ್ ಮ್ಯಾನೇಜರರ ಪ್ಯಾಂಟು. ಬಿಳಿ ಪ್ಯಾಂಟು! ಅವಳು ಹೊಲಿದು, ಇಸ್ತ್ರಿ ಹಾಕಿ, ಮಡಿಸಿಟ್ಟದ್ದು.

“ಅಯ್ಯೋ ನಿಮ್ಮ ಕೈ ಸೇದಿಹೋಗ! ಇದು ಮ್ಯಾನೇಜರ್ ಸಾಹೇಬ್ರ ಪ್ಯಾಂಟು ಕಣ್ರೀ!”

ಅವನು ಅವಳ ಮುಖವನ್ನು ಪರೀಕ್ಷಿಸಿದ. “ಕಣ್ಣು ಕೆಂಪು, ಮೂಗಿನ ತುದೀಲಿ ಬೆವರು. ಶುದ್ಧ ಪಿತ್ತ. ಪ್ಯಾಂಟು ಬರೀ ನೆಪ ಕಣೇ.”

ನೆಪವಂತೆ! ಬೇಸರವಾದದ್ದು ಪ್ಯಾಂಟಿಗಲ್ಲ, ಅದನ್ನು ಒಗೆದು ಮತ್ತೆ ಇಸ್ತ್ರಿ ಹಾಕಬಹುದು. ತನ್ನ ಸಿಟ್ಟಿಗೆ ಕಾರಣವೇ ಇಲ್ಲ, ಅದು ಹೊಟ್ಟೆಯಲ್ಲಿ ತಾನಾಗಿ ಹುಟ್ಟುವ ಉರಿ ಎಂದನಲ್ಲ, ಆ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

“ನಡೀರಿ ನಿಮ್ಮ ಶಿಬಿರದ ಡಾಕ್ಟರಮ್ಮನ ಹತ್ರ. ನನಗೆ ಪಿತ್ತ ಅಂತ ಅವರೇ ಹೇಳಲಿ. ಹೇಳಿದ್ರೆ ಇನ್ಮೇಲೆ ಬಾಯಿ ಬಿಡಲ್ಲ. ಹೇಳ್ದೇ ಇದ್ರೆ ಇವತ್ತೇ ನಲ್ಲಿ ರಿಪೇರಿ.”

“ಹೋಗಿ ಬನ್ನಿ,” ಎಂದರು ಅತ್ತೆ. “ನನಗೆ ಗಾಳಿ ಹೌದಾ ಅಂತಾನೂ ಕೇಳ್ಕೊಂಡು ಬಾರಮ್ಮ.”

ಡಾಕ್ಟರಮ್ಮ ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅವಳ ನಾಡಿ ಹಿಡಿದರು. ನಾಲಿಗೆ ನೋಡಿದರು. ನಿದ್ದೆ ಹೇಗೆ, ಹಸಿವು ಹೇಗೆ, ಚಳಿ ತಡೆಯುತ್ತೀರಾ, ಸೆಕೆ ತಡೆಯುತ್ತೀರಾ ಎಂದು ನಿಧಾನವಾಗಿ ವಿಚಾರಿಸಿದರು. ಮದುವೆಯಾದ ಮೇಲೆ ಯಾರೂ ಅವಳನ್ನು ಇಷ್ಟೊಂದು ಪ್ರಶ್ನೆ ಕೇಳಿರಲಿಲ್ಲ.

“ನಿಮ್ಮದು ಕಫ ಪ್ರಕೃತಿ,” ಎಂದರು ಕೊನೆಗೆ. “ಸಹನೆ ಜಾಸ್ತಿ. ಸುಲಭಕ್ಕೆ ಸಿಟ್ಟಾಗೋರಲ್ಲ ನೀವು.”

ಅವಳಿಗೆ ಕುರ್ಚಿಯಿಂದೆದ್ದು ಅಲ್ಲೇ ಕುಣಿಯಬೇಕೆನಿಸಿತು. “ಹಾಗಾದ್ರೆ ನನಗೆ ದಿನಾ ಸಿಟ್ಟು ಯಾಕೆ ಬರುತ್ತೆ?”

“ಅದಕ್ಕೆ ಹೊರಗೆ ಏನೋ ಕಾರಣ ಇರ್ಬೇಕು. ಆಯುರ್ವೇದದಲ್ಲಿ ಬರೀ ಹೊಟ್ಟೆ, ತಲೆ ಅಂತ ಬೇರೆ ಬೇರೆ ನೋಡಲ್ಲಮ್ಮ. ಊಟ, ನಿದ್ದೆ, ಮನಸ್ಸು, ಮನೆ, ಕೆಲಸ, ಎಲ್ಲಾ ಸೇರಿಸಿ ನೋಡ್ತೀವಿ. ಕಾರಣ ದೂರ ಮಾಡೋದೇ ಮೊದಲ ಚಿಕಿತ್ಸೆ.”

“ಕಾರಣ ಹೊರಗೇ ಬೆಂಚಿನ ಮೇಲೆ ಕೂತಿದೆ. ಕರೀಲಾ?”

ಗಂಡ ಒಳಗೆ ಬಂದ. ಡಾಕ್ಟರಮ್ಮ ಅವನ ನಾಡಿಯನ್ನೂ ಹಿಡಿದರು, ಬೋಳು ತಲೆಯನ್ನೂ ನೋಡಿದರು. “ಎದೆಯುರಿ ಇದೆಯಾ? ಊಟ ತಡವಾದ್ರೆ ತಡೆಯೋಕಾಗಲ್ವಾ? ನೀವು ಹೇಳಿದ್ದೇ ಸರಿ ಅನ್ನೋ ಸ್ವಭಾವಾನಾ?”

ಮೂರಕ್ಕೂ ಅವಳೇ ಹೌದೆಂದಳು.

“ಪಿತ್ತ ಇವರದ್ದು. ಚೆನ್ನಾಗೇ ಏರಿದೆ.”

ಗಂಡನ ಮುಖ ಸಪ್ಪಗಾಯಿತು. ಅವಳು ಗೆದ್ದಳು. ಅಷ್ಟಕ್ಕೇ ಎದ್ದು ಬಂದಿದ್ದರೆ ಗೆದ್ದೇ ಬರುತ್ತಿದ್ದಳು. ಆದರೆ ಗೆದ್ದವಳಿಗೆ ಉದಾರತನ ಉಕ್ಕಿಬಂತು. “ಪಾಪ, ಇವರಿಗೇನಾದ್ರೂ ಔಷಧಿ ಕೊಡಿ ಡಾಕ್ಟರೇ,” ಎಂದಳು.

“ಔಷಧಿ ಮನೇಲೇ ಇದೆಯಲ್ಲ!” ಡಾಕ್ಟರಮ್ಮ ನಕ್ಕರು. “ಪಿತ್ತದವರ ಜೊತೆ ನಿಮ್ಮಂಥ ಕಫದವರು ಇರೋದೇ ದೊಡ್ಡ ಔಷಧಿ.”

ಗಂಡ ನಿಟ್ಟುಸಿರು ಬಿಟ್ಟ. “ಈ ಔಷಧಿ ಬಹಳ ಕಹಿ ಡಾಕ್ಟರೇ.”

“ಪಿತ್ತಕ್ಕೆ ಕಹಿಯೇ ಒಳ್ಳೇದು.”

ಡಾಕ್ಟರಮ್ಮನ ಈ ಮಾತು ಕೇಳಿ ಅವನ ಮುಖ ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ನಡೆದಳು. ಸುಮ್ಮನಿದ್ದರೆ ಕಫ, ತಂಪು ಔಷಧಿ. ರೇಗಿದರೆ ಕಹಿ, ಇನ್ನೂ ಒಳ್ಳೆಯ ಔಷಧಿ. ಎರಡರಲ್ಲೂ ಗುಣವಾಗುವವನು ಅವನೇ! ಮನೆಯ ಬಾಗಿಲ ಹತ್ತಿರ ಅವಳಿಗೆ ತಡೆಯಲಾಗಲಿಲ್ಲ. ನಲ್ಲಿ, ಟವೆಲು, ಪ್ಯಾಂಟು, ಶಿಬಿರದ ಊಟ, ಎಲ್ಲವನ್ನೂ ಸೇರಿಸಿ ಅಕ್ಕಪಕ್ಕದವರು ಹೊರಗೆ ಬಂದು ನೋಡುವ ಹಾಗೆ ಕೂಗಾಡಿದಳು.

ಅವನು ಕಣ್ಣು ಮುಚ್ಚಿ, ಮೂಗು ಹಿಡಿದುಕೊಂಡು, ಭಕ್ತಿಯಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಾಯಿ ಒರೆಸಿಕೊಂಡು, “ಅಮ್ಮಾ, ನನ್ನ ಬೆಳಗಿನ ಡೋಸ್ ಆಯ್ತು,” ಎಂದು ಒಳಗೆ ಹೋದ.